ಬಸ್ಸು ಎಲ್ಲಿ ತಿರುಗಬೇಕು ಅನ್ನೋ ಜಗಳ

ಗಣೇಶನ ಹಬ್ಬ ಮುಗೀತು ಅನ್ನೋ ಹೊತ್ತಿಗೆ ನಮ್ಮ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಮೋದಕದ ಫೋಟೋಗಳ ಮಧ್ಯೆ ಒಂದು ಮ್ಯಾಪ್ ಬಂದು ಬೀಳುತ್ತೆ. ಬಣ್ಣಬಣ್ಣದ ತುಂಡುಗಳು, ಒಂದೊಂದು ತುಂಡಿಗೂ ಒಂದು ನಂಬರ್, ಇಲ್ಲಿ ಅದಕ್ಕೆ ನೋಡ್ ಅಂತಾರೆ. ಮುಂದಿನ ವರ್ಷ ಯಾವ ನೋಡ್‌ನ ಮಕ್ಕಳು ಯಾವ ಸ್ಕೂಲಿಗೆ ಅನ್ನೋ ಡ್ರಾಫ್ಟ್ ಅದು. ಅಮೆರಿಕದ ನಾರ್ತ್ ಕೆರೊಲಿನಾದ ವೇಕ್ ಕೌಂಟಿಯಲ್ಲಿ ಇರೋರಿಗೆ ನಾನು ಇದನ್ನ ಬಿಡಿಸಿ ಹೇಳೋದೇ ಬೇಡ, ಆ ಮ್ಯಾಪನ್ನ ಫೋನಲ್ಲಿ ಎರಡು ಬೆರಳಿಟ್ಟು ದೊಡ್ಡದು ಮಾಡಿ ತಮ್ಮನೆ ಯಾವ ಬಣ್ಣದೊಳಗಿದೆ ಅಂತ ಹುಡುಕಿರೋ ಅನುಭವ ಎಲ್ಲರಿಗೂ ಇದ್ದೇ ಇರುತ್ತೆ. ಗೆರೆ ಮನೆ ಮುಂದೆ ಹೋಗಿದ್ರೆ ಸಮಾಧಾನ, ಮನೆ ಹಿಂದೆ ಬಂದಿದ್ರೆ ಅವತ್ತು ರಾತ್ರಿ ನಿದ್ದೆ ಇಲ್ಲ.

ಮೂರು ವರ್ಷದ ಹಿಂದೆ ಗೆರೆ ನಮ್ಮನೆ ಹಿಂದೆ ಬಂತು. ಮಗಳು ಆಗ ಐದನೇ ಕ್ಲಾಸು, ಮುಂದಿನ ವರ್ಷ ಮಿಡಲ್ ಸ್ಕೂಲು. ಹತ್ತಿರದ ಸ್ಕೂಲು ನಡೆದ್ರೆ ಹದಿನೈದು ನಿಮಿಷ, ಅಲ್ಲಿಗೇ ಹೋಗೋದು ಅಂದ್ಕೊಂಡು ಮನೆ ತಗೊಂಡಿದ್ದು. ಡ್ರಾಫ್ಟಲ್ಲಿ ನಮ್ಮ ಇಡೀ ಲೇಔಟನ್ನ ಎತ್ತಿ ಏಳು ಮೈಲಿ ಆಚೆ ಇರೋ ಸ್ಕೂಲಿಗೆ ಹಾಕಿದ್ರು. ಬೆಳಗ್ಗೆ ಬಸ್ಸಲ್ಲಿ ಅರ್ಧ ಗಂಟೆ. ಗ್ರೂಪಲ್ಲಿ ಅವತ್ತು ಒಂದೇ ದಿನ ನಾನೂರು ಮೆಸೇಜು. ಪಕ್ಕದ ಬೀದಿಯ ದಾವಣಗೆರೆ ಅಕ್ಕ ಫೋನ್ ಮಾಡಿ, "ನೀನು ಚೆನ್ನಾಗಿ ಮಾತಾಡ್ತೀಯಮ್ಮ, ಸ್ಕೂಲ್ ಬೋರ್ಡಿನ ಹಿಯರಿಂಗಲ್ಲಿ ನಮ್ಮ ಪರವಾಗಿ ನೀನೇ ಮಾತಾಡ್ಬೇಕು" ಅಂದ್ರು. ಒಪ್ಕೊಂಡೆ. ಆಗ ಮಾತಾಡಿದ್ದು, ಮಾತಾಡಿದ ಮೇಲೆ ಕೇಳಿಸ್ಕೊಂಡಿದ್ದು ಇನ್ನೂ ನನ್ನ ಬಿಟ್ಟಿಲ್ಲ, ಅದಕ್ಕೇ ಬರೀತಾ ಇದ್ದೀನಿ.

ಗೆರೆ ಯಾಕೆ ನಿಲ್ಲಲ್ಲ

ನಾವಿರೋ ಕೇರಿ (Cary) ಅನ್ನೋ ಈ ಊರಲ್ಲಿ 1970ರಲ್ಲಿ ಎಂಟು ಸಾವಿರ ಜನ ಕೂಡ ಇರಲಿಲ್ಲ, 2020ರ ಜನಗಣತಿ ಹೊತ್ತಿಗೆ ಹತ್ತಿರತ್ತಿರ ಒಂದು ಮುಕ್ಕಾಲು ಲಕ್ಷ. ಇಡೀ ಕೌಂಟಿ ಹನ್ನೊಂದು ಲಕ್ಷ ದಾಟಿದೆ. ಸ್ಕೂಲಲ್ಲಿರೋ ಮಕ್ಕಳೇ ಸುಮಾರು 1,60,000, ಎಲ್ಲಾ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್, ಅದನ್ನ ನಡೆಸೋಕೆ ಒಂದೇ ಬೋರ್ಡು. ಪಕ್ಕದಲ್ಲೇ ಕಂಪನಿಗಳೆಲ್ಲಾ ಇರೋ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಕೆಲಸಕ್ಕೆ ಬರೋರು ಬರ್ತಾನೇ ಇದ್ದಾರೆ, ಪೈನ್ ಕಾಡು ಕಡಿದು ಮನೆ ಕಟ್ತಾನೇ ಇದ್ದಾರೆ. ಸ್ಕೂಲು ಕಟ್ಟೋಕೆ ಸಾಲ ಎತ್ತೋ ಬಾಂಡ್ ಪಾಸಾಗ್ಬೇಕು, ಜಾಗ ಸಿಗ್ಬೇಕು, ವರ್ಷಗಟ್ಟಲೆ ಹಿಡಿಯುತ್ತೆ. ಅಷ್ಟರಲ್ಲಿ ಇರೋ ಸ್ಕೂಲು ತುಂಬಿ ಅಂಗಳದಲ್ಲಿ ಟ್ರೇಲರ್ ಕ್ಲಾಸ್‌ರೂಮುಗಳು ಸಾಲಾಗಿ ನಿಂತಿರ್ತವೆ. ಅದೂ ಸಾಲದೆ ಇದ್ರೆ ಸ್ಕೂಲಿಗೆ ಕ್ಯಾಪ್ ಹಾಕ್ತಾರೆ, ಅಂದ್ರೆ ಇನ್ಮೇಲೆ ಆ ಏರಿಯಾಗೆ ಮನೆ ಮಾಡ್ಕೊಂಡು ಬಂದೋರ ಮಕ್ಕಳಿಗೆ ಅಲ್ಲಿ ಜಾಗ ಇಲ್ಲ, ಬೇರೆ ಕಡೆ ಹೋಗ್ಬೇಕು. ಇನ್ನೊಂದು ದಾರಿ ಇಯರ್-ರೌಂಡ್ ಸ್ಕೂಲು, ಮಕ್ಕಳನ್ನ ನಾಲ್ಕು ಟ್ರ್ಯಾಕ್ ಮಾಡಿ ಒಂಬತ್ತು ವಾರ ಪಾಠ ಮೂರು ವಾರ ರಜ ಅಂತ ಸುತ್ತಿಸ್ತಾರೆ, ಯಾವಾಗ್ಲೂ ಒಂದು ಟ್ರ್ಯಾಕ್ ರಜದಲ್ಲಿ ಇರೋದ್ರಿಂದ ಅದೇ ಕಟ್ಟಡದಲ್ಲಿ ಮೂರನೇ ಒಂದು ಭಾಗ ಜಾಸ್ತಿ ಮಕ್ಕಳು ಹಿಡೀತಾರೆ. ಅಕ್ಕ ಒಂದು ಟ್ರ್ಯಾಕ್, ತಮ್ಮ ಇನ್ನೊಂದು ಕ್ಯಾಲೆಂಡರ್ ಆಗಿ ಊರಿಗೆ ಟಿಕೆಟ್ ಬುಕ್ ಮಾಡೋಕಾಗದೆ ಒದ್ದಾಡಿರೋ ಮನೆಗಳು ನಮ್ಮಲ್ಲೇ ಎಷ್ಟಿಲ್ಲ.

ಇಷ್ಟೆಲ್ಲಾ ಮಾಡಿದ್ರೂ ಹೊಸ ಸ್ಕೂಲು ತೆಗೆದಾಗ ಅಕ್ಕಪಕ್ಕದ ನಾಲ್ಕೈದು ಸ್ಕೂಲುಗಳ ಗೆರೆ ಅಲ್ಲಾಡ್ಲೇಬೇಕು. ನಾವು ಬಂದಿದ್ದಕ್ಕೇ ಗೆರೆ ಅಲ್ಲಾಡಿದ್ದು. 2014ರಲ್ಲಿ ನಾವು ಈ ಲೇಔಟಿಗೆ ಬಂದಾಗ ನಮಗೋಸ್ಕರ ಯಾರನ್ನೋ ಆಚೆ ತಳ್ಳಿರ್ತಾರೆ, ಅವರು ಯಾರು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಹಸಿರು ಟೀ ಶರ್ಟು

ಹಿಯರಿಂಗ್ ದಿನ ನಾವು ಸುಮಾರು ಅರವತ್ತು ಜನ ಹಸಿರು ಟೀ ಶರ್ಟ್ ಹಾಕ್ಕೊಂಡು ಹೋದ್ವಿ. ಇನ್ನೊಂದು ಲೇಔಟ್‌ನೋರು ನೀಲಿ. ಮಕ್ಕಳ ಕೈಲಿ ಪ್ಲಕಾರ್ಡು. ಹೆಸರು ಕೊಟ್ಟೋರು ಒಬ್ಬೊಬ್ಬರಾಗಿ ಮೈಕ್ ಹತ್ತಿರ ಹೋಗ್ಬೇಕು, ಮುಂದೆ ಟೈಮರ್, ಕೆಂಪು ದೀಪ ಬಂದ್ರೆ ನಿಲ್ಲಿಸ್ಬೇಕು. ನಾನು ನಾಲ್ಕು ದಿನ ರಾತ್ರಿ ಕೂತು ತಯಾರಿ ಮಾಡಿದ್ದೆ. ಬೋರ್ಡು ಅಸೈನ್‌ಮೆಂಟಿಗೆ ತಾನೇ ನಾಲ್ಕು ಆಧಾರ ಇಟ್ಕೊಂಡಿದೆ, ಮಕ್ಕಳ ಕಲಿಕೆ, ಸ್ಥಿರತೆ, ಹತ್ತಿರ, ಖರ್ಚು-ವ್ಯವಸ್ಥೆ. ಅದ್ರಲ್ಲಿ ಹತ್ತಿರ ಅನ್ನೋದನ್ನ ಹಿಡ್ಕೊಂಡೆ. ನಡೆದು ಹೋಗೋ ದೂರದಲ್ಲಿ ಸ್ಕೂಲು ಇಟ್ಕೊಂಡು ಹನ್ನೊಂದು ವರ್ಷದ ಮಗೂನ ಬಸ್ಸಲ್ಲಿ ಅರ್ಧ ಗಂಟೆ ಕೂರಿಸೋದು ಯಾಕೆ, ಸ್ನೇಹಿತರನ್ನ ಬಿಡಿಸೋದು ಯಾಕೆ, ಡ್ರೈವರುಗಳೇ ಸಾಲದೆ ಬಸ್ಸುಗಳು ಲೇಟಾಗ್ತಿರೋವಾಗ ರೂಟು ಉದ್ದ ಮಾಡೋದು ಯಾಕೆ. ಎಲ್ಲಾ ಸರಿಯಾದ ಮಾತೇ, ಇವತ್ತಿಗೂ ಅದ್ರಲ್ಲಿ ಒಂದೂ ಸುಳ್ಳು ಅಂತ ನನಗನ್ಸಲ್ಲ. ಆದ್ರೆ ಆ ಎರಡನೇ ಸ್ಕೂಲು ಬೇಡ ಅನ್ನೋಕೆ ನಮ್ಮ ಗ್ರೂಪಲ್ಲಿ ಆಡಿದ್ದ ಬೇರೆ ಮಾತುಗಳಿದ್ವಲ್ಲ, ಸ್ಕೂಲಿನ ರೇಟಿಂಗ್ ಹತ್ತಕ್ಕೆ 9 ಇದ್ದಿದ್ದು 5 ಆಗುತ್ತೆ, ಮನೆ ರೇಟು ಬೀಳುತ್ತೆ, ಅಲ್ಲಿ "ಆ ಥರದ ಕ್ರೌಡ್" ಇದೆ ಅಂತ, ಅವ್ಯಾವೂ ಮೈಕ್ ಹತ್ತಿರ ಬರಲಿಲ್ಲ. ನಾನೂ ತರಲಿಲ್ಲ, ಬೇರೆ ಯಾರೂ ತರಲಿಲ್ಲ. ನೀಲಿ ಟೀ ಶರ್ಟಿನೋರೂ ನಮ್ಮ ಹಾಗೇ ಟ್ರಾಫಿಕ್ಕು, ಸೇಫ್ಟಿ, ಕಮ್ಯುನಿಟಿ ಅಂತಾನೇ ಮಾತಾಡಿದ್ರು.

ನನ್ನ ಹಿಂದೆ ನಾಲ್ಕನೆಯವರಾಗಿ ಒಬ್ಬ ವಯಸ್ಸಾದ ಆಫ್ರಿಕನ್ ಅಮೆರಿಕನ್ ಹೆಂಗಸು ಬಂದ್ರು. ಟೀ ಶರ್ಟ್ ಇಲ್ಲ, ಪೇಪರ್ ಇಲ್ಲ, ಆಫೀಸಿಂದ ನೇರ ಬಂದಿದ್ರು ಅನ್ಸುತ್ತೆ, ಕೊರಳಲ್ಲಿ ಇನ್ನೂ ಬ್ಯಾಡ್ಜ್ ಇತ್ತು. ಅವರು ಯಾವ ನೋಡ್ ಪರವಾಗೂ ಮಾತಾಡ್ಲಿಲ್ಲ. ತಾನು ಪಕ್ಕದ ರಾಲಿ ಸಿಟಿಯ ಸೌತ್‌ಈಸ್ಟ್ ಭಾಗದಲ್ಲಿ ಬೆಳೆದಿದ್ದು, ಹತ್ತನೇ ವಯಸ್ಸಲ್ಲಿ ಇದೇ ಕೇರಿ ಕಡೆಗೆ ಬಸ್ಸಲ್ಲಿ ಬರ್ತಿದ್ದೆ, ಬೆಳಗ್ಗೆ ಕತ್ತಲಲ್ಲಿ ಹತ್ತಿದ್ರೆ ಹತ್ತಿರತ್ತಿರ ಒಂದು ಗಂಟೆ, ಸಂಜೆ ಇನ್ನೊಂದು ಗಂಟೆ, ಆ ಬಸ್ಸು ತಪ್ಪುತ್ತೆ ಅಂತ ಒಂದು ದಿನಾನೂ ಕ್ಲಬ್ಬಿಗೆ ಆಟಕ್ಕೆ ಉಳೀಲಿಲ್ಲ ಅಂದ್ರು. ನಮ್ಮ ಬೀದಿ ಮಕ್ಕಳು ವರ್ಷಗಟ್ಟಲೆ ಹಾಗೆ ಓಡಾಡಿದ್ವಿ, ಆಗ ಈ ಹಾಲ್ ಹೀಗೆ ತುಂಬಿರಲಿಲ್ಲ ಅಂದ್ರು. ಆಮೇಲೆ ನಮ್ಮ ಕಡೆ ತಿರುಗಿ, ನಿಮ್ಮ ಮಕ್ಕಳಿಗೆ ಹೇಳಿ, ಆ ಬಸ್ಸಲ್ಲಿ ಕೂತಿರೋರೂ ಮಕ್ಕಳೇ ಅಂತ, ಅಂದು ಹೋಗಿ ಕೂತ್ಕೊಂಡ್ರು. ಟೈಮರಲ್ಲಿ ಇನ್ನೂ ಟೈಮ್ ಇತ್ತು. ಸಿಟ್ಟಿಲ್ಲದೆ ಹೇಳಿದ್ದು, ಅದಕ್ಕೇ ಅಷ್ಟು ತಾಗಿತು ಅಂತ ಕಾಣುತ್ತೆ.

ಊರು, ಕೇರಿ

ನಾವು ಇಲ್ಲಿ ಮನೆ ತಗೊಂಡಾಗ ಅಪ್ಪಂಗೆ ಫೋನಲ್ಲಿ ಊರ ಹೆಸರು ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು "ಕೇರೀಲಿ ತಗೊಂಡ್ಯಾ?" ಅಂದ್ರು. ನಮ್ಮದು ತುರುವೇಕೆರೆ ತಾಲ್ಲೂಕು. ನಮ್ಮ ಕಡೆ ಊರು ಅಂದ್ರೆ ಊರು, ಕೇರಿ ಅಂದ್ರೆ ಕೇರಿ, ಎರಡರ ಮಧ್ಯೆ ಏನಿದೆ ಅಂತ ಓದೋರಿಗೆ ಗೊತ್ತು. ಅವತ್ತು ಅಪ್ಪ ಆ ಪದ ಹೇಳಿದ ರೀತಿ ನನಗೆ ಮುಳ್ಳಿನ ಥರ ಒಳಗೆ ಇತ್ತು, ಹಿಯರಿಂಗ್ ಮುಗಿಸಿ ಬಂದ ರಾತ್ರಿ ಅಡಿಗೆಮನೇಲಿ ಪಾತ್ರೆ ತೊಳೀತಾ ನಿಂತಾಗ ಅದರ ಹಿಂದೆ ಇದ್ದ ಇನ್ನೊಂದು ನೆನಪು ಎದ್ದು ಬಂತು.

ನಾನು ಹೈಸ್ಕೂಲಿಗೆ ಹೋಗ್ತಿದ್ದಿದ್ದು ಏಳು ಕಿಲೋಮೀಟರ್ ದೂರದ ಹೋಬಳಿ ಊರಿಗೆ, 1993ರಿಂದ 96ರವರೆಗೆ. ಬೆಳಗ್ಗೆ ಎಂಟೂ ಕಾಲಿಗೆ ಒಂದೇ ಗೌರ್ಮೆಂಟ್ ಬಸ್ಸು, ಅದು ತಪ್ಪಿದ್ರೆ ಹನ್ನೊಂದಕ್ಕೆ. ಅರಳಿಕಟ್ಟೆ ಮುಂದೆ ನಿಲ್ಲೋದು, ನಾವು ಓಡಿಹೋಗಿ ಕಿಟಕಿಯಿಂದ ಬ್ಯಾಗ್ ಎಸೆದು ಸೀಟ್ ಹಿಡಿಯೋರು. ಕಾಲೋನಿ ಮಕ್ಕಳು, ಅಂದ್ರೆ ಕೇರಿಯೋರಿಗೆ ಸರ್ಕಾರ ಕೆರೆ ಆಚೆ ಜನತಾ ಮನೆ ಕಟ್ಟಿಕೊಟ್ಟಿತ್ತಲ್ಲ ಅಲ್ಲಿನ ಮಕ್ಕಳು, ಏರಿ ಮೇಲೆ ಒಂದೂವರೆ ಕಿಲೋಮೀಟರ್ ನಡ್ಕೊಂಡು ಅರಳಿಕಟ್ಟೆಗೆ ಬರ್ಬೇಕಿತ್ತು. ಮಳೆಗಾಲದಲ್ಲಿ ಏರಿ ಮೇಲೆ ಕೆಸರು, ಅವರು ಬರೋಷ್ಟರಲ್ಲಿ ಎಷ್ಟೋ ಸಲ ಬಸ್ಸು ಹೊರಟಿರೋದು. ನನ್ನ ಕ್ಲಾಸಲ್ಲಿ ಕಾಲೋನಿಯಿಂದ ಬರ್ತಿದ್ದ ಒಬ್ಬಳಿದ್ದಳು, ಲೆಕ್ಕದಲ್ಲಿ ನನಗಿಂತ ಚುರುಕು. ವಾರಕ್ಕೆ ಎರಡು ದಿನ ಲೇಟು, ಲೇಟಾದ್ರೆ ಬಾಗಿಲ ಹೊರಗೆ ನಿಲ್ಲಿಸೋರು, ಪಾದಕ್ಕೆ ಅಂಟಿದ ಕೆಸರು ಒಣಗಿ ಬಿಳಿ ಆಗಿರೋದು.

ಕಾಲೋನಿಯೋರು ಡಿಪೋಗೆ ಒಂದು ಅರ್ಜಿ ಕೊಟ್ರು, ಬಸ್ಸು ಹಿಂದಿನ ಹಳ್ಳಿಯಿಂದ ಬರೋವಾಗ ಕೆರೆ ಕೋಡಿ ಹತ್ತಿರ ತಿರುಗಿ ಕಾಲೋನಿ ಮೇಲೆ ಊರಿಗೆ ಬರ್ಲಿ ಅಂತ. ಹತ್ತು ನಿಮಿಷ ಜಾಸ್ತಿ ಅಷ್ಟೆ. ಡಿಪೋದೋರು ಊರೋರ ಒಪ್ಪಿಗೆ ಇದ್ರೆ ನೋಡೋಣ ಅಂದ್ರಂತೆ. ಅರಳಿಕಟ್ಟೇಲಿ ಸಂಜೆ ಮಾತು ನಡೀತು, ನಾನು ಅಪ್ಪನ ಪಕ್ಕ ಕೂತಿದ್ದೆ. ರಸ್ತೆ ಸರಿ ಇಲ್ಲ, ಟೈರು ಹೂತ್ಕೊಳುತ್ತೆ ಅಂದ್ರು ಒಬ್ಬರು. ನಮ್ಮ ಮಕ್ಕಳಿಗೆ ಪ್ರೇಯರ್ ತಪ್ಪುತ್ತೆ ಅಂದ್ರು ಇನ್ನೊಬ್ಬರು. ಹಾಲಿನೋರಿಗೆ ಲೇಟಾಗುತ್ತೆ, ಸಂತೆ ದಿನ ಕಷ್ಟ ಆಗುತ್ತೆ. ಒಂದರ್ಧ ಗಂಟೆ ಹೀಗೇ ಟೈಮು, ರಸ್ತೆ, ಟೈರು ಅಂತ ನಡೀತು. ಕೊನೆಗೆ ಹಿಂದಿಂದ ಒಬ್ಬರು, "ಬಸ್ಸು ಮೊದಲು ಅಲ್ಲಿಗೆ ಹೋದ್ರೆ ಅವ್ರ ಮಕ್ಕಳು ಕೂತಿರ್ತವೆ, ನಮ್ಮ ಮಕ್ಕಳು ನಿಂತ್ಕೊಂಡು ಹೋಗ್ಬೇಕಾ" ಅಂದ್ರು. ಅದಾದ ಮೇಲೆ ಯಾರೂ ಏನೂ ಮಾತಾಡ್ಲಿಲ್ಲ, ಎಲ್ಲಾ ಎದ್ದು ಪಂಚೆ ಕೊಡವ್ಕೊಂಡು ಮನೆಗೆ ಹೋದ್ರು. ಅಪ್ಪ ಒಳ್ಳೇ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸ್ದೋರಲ್ಲ, ಅವತ್ತು ಅವರೂ ಬಾಯಿ ಬಿಡ್ಲಿಲ್ಲ. ಬಸ್ಸು ತಿರುಗ್ಲಿಲ್ಲ. ಅವಳು ಒಂಬತ್ತನೇ ಕ್ಲಾಸ್ ದಸರಾ ರಜ ಮುಗಿದ ಮೇಲೆ ಬರಲಿಲ್ಲ. ಎಂಟನೇ ಕ್ಲಾಸ್ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ, ಅವಳಿಗೆ ಅದು ಹತ್ತು ವರ್ಷಕ್ಕಿಂತ ಜಾಸ್ತಿ ತಡ.

ನಾನು ಮೈಕಲ್ಲಿ ಹೇಳಿದ ರಸ್ತೆ, ಟೈಮು, ಡ್ರೈವರು ಎಲ್ಲಾ ಆ ಅರಳಿಕಟ್ಟೇಲಿ ಮೊದಲೇ ಕೇಳಿದ್ದೆ ಅಂತ ಗೊತ್ತಾದಾಗ ನಲ್ಲಿ ಬಿಟ್ಟಿದ್ದು ಬಿಟ್ಟ ಹಾಗೇ ಇತ್ತು.

ಇಂಡಿಯಾದಿಂದ ವಾಪಸ್ ಬಂದ ಒಂದು ಮಗು

ಆಮೇಲೆ ಒಂದಷ್ಟು ದಿನ ಈ ರಾಜ್ಯದ ಬಸ್ಸಿನ ಕಥೆ ಓದೋಕೆ ಶುರು ಮಾಡಿದೆ. ಹದಿನೈದು ವರ್ಷ ಇಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಡೇರಿಯಸ್ ಸ್ವಾನ್ ಅಂತ ಒಬ್ಬ ಆಫ್ರಿಕನ್ ಅಮೆರಿಕನ್ ಪಾದ್ರಿ, ನಮ್ಮ ಇಂಡಿಯಾದಲ್ಲಿ ಮಿಷನರಿಯಾಗಿ ವರ್ಷಗಟ್ಟಲೆ ಇದ್ದು, ಸಂಸಾರ ಸಮೇತ ವಾಪಸ್ ಬಂದು 1964ರಲ್ಲಿ ಶಾರ್ಲಟ್‌ನಲ್ಲಿದ್ರು. ಮಗ ಜೇಮ್ಸ್‌ಗೆ ಆರು ವರ್ಷ. ಎರಡೂ ಬಣ್ಣದ ಮಕ್ಕಳು ಓದ್ತಿದ್ದ ಹತ್ತಿರದ ಸ್ಕೂಲಿಗೆ ಸೇರಿಸೋಕೆ ಹೋದ್ರೆ ಆಗಲ್ಲ ಅಂದ್ರು, ಕಪ್ಪು ಮಕ್ಕಳೇ ಇದ್ದ ಸ್ಕೂಲಿಗೆ ಹಾಕಿದ್ರು. 1965ರಲ್ಲಿ ಸ್ವಾನ್ ಅವರೂ ಇನ್ನೊಂದಷ್ಟು ಮನೆಯೋರೂ ಕೋರ್ಟಿಗೆ ಹೋದ್ರು, ಲಾಯರ್ ಜೂಲಿಯಸ್ ಚೇಂಬರ್ಸ್ ಮನೆಗೆ ಅದೇ ವರ್ಷ ಬಾಂಬ್ ಹಾಕಿದ್ರು. 1971ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ, ಬಣ್ಣ ನೋಡಿ ಸ್ಕೂಲುಗಳನ್ನ ಬೇರೆ ಬೇರೆ ಮಾಡಿಟ್ಟಿರೋದನ್ನ ಒಡೆಯೋಕೆ ಮಕ್ಕಳನ್ನ ಬಸ್ಸಲ್ಲಿ ಬೇರೆ ಏರಿಯಾ ಸ್ಕೂಲಿಗೆ ಕಳಿಸಬಹುದು ಅಂತ ತೀರ್ಪು ಕೊಡ್ತು. ಇಡೀ ಅಮೆರಿಕದಲ್ಲಿ ಬಸ್ಸಿಂಗ್ ಅಂತ ಜನ ಜಗಳ ಆಡಿದ್ರಲ್ಲ, ಅದರ ಬೇರು ಇಲ್ಲಿಂದ ಎರಡೂವರೆ ಗಂಟೆ ದೂರದಲ್ಲಿ, ಇಂಡಿಯಾದಲ್ಲಿ ಇದ್ದು ಬಂದ ಒಂದು ಮಗೂನ ಅಡ್ಮಿಷನ್ನಲ್ಲಿ ಇದೆ. ಅದನ್ನ ಓದಿ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತಿದ್ದೆ. ಆ ಮಗುವಿನ ಅಪ್ಪ ಅಮ್ಮ ಕೇಳಿದ್ದೂ ಹತ್ತಿರದ ಸ್ಕೂಲನ್ನೇ.

1974ರಲ್ಲಿ ಡೆಟ್ರಾಯ್ಟ್ ಕೇಸಲ್ಲಿ ಅದೇ ಕೋರ್ಟು, ತಪ್ಪು ಮಾಡದ ಪಕ್ಕದ ಡಿಸ್ಟ್ರಿಕ್ಟಿಗೆ ಬಸ್ಸು ದಾಟಿಸೋ ಹಾಗಿಲ್ಲ ಅಂತು. ಅಲ್ಲಿಗೆ ಎಷ್ಟೋ ಊರುಗಳಲ್ಲಿ ದುಡ್ಡಿದ್ದೋರು ಸಬರ್ಬಿಗೆ ಹೋಗಿ ಬೇರೆ ಡಿಸ್ಟ್ರಿಕ್ಟ್ ಆದ್ರು, ಕಥೆ ಮುಗೀತು. ಇಲ್ಲಿ ಹಾಗಾಗಲಿಲ್ಲ, ಯಾಕಂದ್ರೆ 1976ರಲ್ಲಿ ರಾಲಿ ಸಿಟಿ ಸ್ಕೂಲುಗಳನ್ನೂ ಕೌಂಟಿ ಸ್ಕೂಲುಗಳನ್ನೂ ಸೇರಿಸಿ ಒಂದೇ ಡಿಸ್ಟ್ರಿಕ್ಟ್ ಮಾಡಿದ್ರು. 1982ರಲ್ಲಿ ಸಿಟಿ ಒಳಗಿನ ಸ್ಕೂಲುಗಳಲ್ಲಿ ಮ್ಯಾಗ್ನೆಟ್ ಪ್ರೋಗ್ರಾಂ, ಅಂದ್ರೆ ದೂರದ ಮಕ್ಕಳನ್ನೂ ಸೆಳೆಯೋ ವಿಶೇಷ ಕೋರ್ಸುಗಳನ್ನ ಇಟ್ಟು ಸಬರ್ಬ್ ಮಕ್ಕಳನ್ನ ಅಲ್ಲಿಗೆ ಕರೆದ್ರು. 2000ದಲ್ಲಿ ಜನಾಂಗದ ಲೆಕ್ಕ ಬಿಟ್ಟು, ಯಾವ ಸ್ಕೂಲಲ್ಲೂ ಫ್ರೀ ಅಥವಾ ಕಡಿಮೆ ದರದ ಊಟಕ್ಕೆ ಅರ್ಹರಾದ ಮಕ್ಕಳು, ಅಂದ್ರೆ ಆದಾಯ ಕಡಿಮೆ ಇರೋ ಮನೆ ಮಕ್ಕಳು, ಶೇಕಡಾ 40 ಮೀರಬಾರದು ಅನ್ನೋ ಗುರಿ ಇಟ್ರು. 2009ರ ಚುನಾವಣೇಲಿ ಬೋರ್ಡು ಬದಲಾಯ್ತು, 2010ರಲ್ಲಿ ಆ ನೀತಿ ತೆಗೆದು "ನೇಬರ್‌ಹುಡ್ ಸ್ಕೂಲ್" ಅಂದ್ರು, ಮೀಟಿಂಗಲ್ಲಿ ಪ್ರತಿಭಟನೆ ಮಾಡಿದ ಪಾದ್ರಿ ವಿಲಿಯಂ ಬಾರ್ಬರ್ ಅವರನ್ನ ಅರೆಸ್ಟ್ ಮಾಡಿದ್ರು, 2011ರಲ್ಲಿ ಬೋರ್ಡು ಮತ್ತೆ ಬದಲಾಯ್ತು. ನಾನು ಮೈಕಲ್ಲಿ ಆರು ಸಲ ಹೇಳಿದ ನೇಬರ್‌ಹುಡ್ ಅನ್ನೋ ಪದದ ಮೇಲೆ ಇಷ್ಟೆಲ್ಲಾ ಹೊಡೆದಾಟ ನಡೆದಿದೆ.

ಮ್ಯಾಗ್ನೆಟ್ ಬಗ್ಗೆ ಒಂದು ಮಾತು. ರಾಲಿಯ ಲಿಗನ್ ಮಿಡಲ್ ಸ್ಕೂಲು, ಎನ್ಲೋ ಹೈಸ್ಕೂಲು ಅಂದ್ರೆ ನಮ್ಮ ಇಂಡಿಯನ್ ಮನೆಗಳಲ್ಲಿ ಎಷ್ಟು ಬೇಡಿಕೆ ಅಂತ ಎಲ್ಲರಿಗೂ ಗೊತ್ತು. ಲಿಗನ್ ಒಂದು ಕಾಲದಲ್ಲಿ ರಾಲಿಯ ಕಪ್ಪು ಮಕ್ಕಳ ಹೈಸ್ಕೂಲಾಗಿತ್ತು, ಅದನ್ನ ಮುಚ್ಚಿದ್ದಕ್ಕೆ ಅಲ್ಲಿ ಓದಿದೋರಿಗೆ ಇವತ್ತಿಗೂ ನೋವಿದೆ. ಅಲ್ಲಿಗೆ ಸೀಟು ಸಿಕ್ರೆ ನಾವು ಮಗೂನ ಬೆಳಗ್ಗೆ ಆರು ಗಂಟೆಗೆ ಎಬ್ಬಿಸಿ ಎಕ್ಸ್‌ಪ್ರೆಸ್ ಬಸ್ ಸ್ಟಾಪಿಗೆ ಕಾರಲ್ಲಿ ಬಿಟ್ಟು ಬರ್ತೀವಿ, ಮುಕ್ಕಾಲು ಗಂಟೆ ಬಸ್ಸು ಅಂತ ಯಾರೂ ಕಣ್ಣೀರು ಹಾಕಲ್ಲ, ಗ್ರೂಪಲ್ಲಿ ಕಂಗ್ರಾಟ್ಸ್ ಹೇಳ್ತೀವಿ. ಹಾಗಾದ್ರೆ ದೂರ ಅಲ್ಲ ನಮ್ಮ ಕಷ್ಟ.

ಬಸ್ಸಿಂಗ್ ಎಲ್ಲಾ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಆ ಹೆಂಗಸು ಹೇಳಿದ ಹಾಗೆ ಭಾರ ಹೊತ್ತಿದ್ದು ಹೆಚ್ಚಾಗಿ ಕಪ್ಪು ಮಕ್ಕಳು, ಬಡ ಮಕ್ಕಳು, ಹತ್ತು ವರ್ಷದ ಮಗು ದಿನಕ್ಕೆ ಎರಡು ಗಂಟೆ ಬಸ್ಸಲ್ಲಿ ಕೂರೋದು ಯಾರಿಗೂ ಬೇಡ. ಮಗೂನ ಪದೇ ಪದೇ ಸ್ಕೂಲು ಬದಲಾಯಿಸಬಾರದು ಅಂತ ನಾನು ಅವತ್ತು ಹೇಳಿದ್ದನ್ನ ಇವತ್ತೂ ಹೇಳ್ತೀನಿ. ಆದ್ರೆ ಸ್ಕೂಲು ನನ್ನ ಮನೆ ಜೊತೆ ಕೊಂಡ್ಕೊಂಡ ಗ್ಯಾರೇಜ್ ಥರ ಅಲ್ಲ. ನಮಗಿಂತ ಹಿಂದಿನೋರನ್ನ ಸರಿಸಿ ನಮಗೆ ಜಾಗ ಮಾಡಿದ ಗೆರೆ ನಾವು ಬಂದ ಮೇಲೆ ಕಲ್ಲಾಗ್ಬೇಕು ಅನ್ನೋದು ನ್ಯಾಯ ಅಲ್ಲ ಅಂತ ನನಗೆ ಖಂಡಿತ ಅನ್ಸಿದೆ. ದಾವಣಗೆರೆ ಅಕ್ಕಂಗೆ ಇದನ್ನ ಹೇಳಿದಾಗ, "ನಿನ್ನ ಮಗಳ ವಿಷಯ ಅಲ್ವಾ ಇದು, ಊರೆಲ್ಲಾ ನಿನಗ್ಯಾಕೆ" ಅಂತ ಬೇಜಾರು ಮಾಡ್ಕೊಂಡು ಎರಡು ತಿಂಗಳು ಮಾತು ಬಿಟ್ರು. ಅವರ ಸಂಕಟಾನೂ ನಿಜ, ಮಗಳನ್ನ ಬಿಟ್ಟು ಮಾತಾಡೋದು ತಾಯಿಗೆ ಸುಲಭ ಅಲ್ಲ.

ಆಮೇಲೆ

ಬೋರ್ಡು ಕೊನೇ ಪ್ಲಾನಲ್ಲಿ ನಮ್ಮ ಲೇಔಟನ್ನ ಅರ್ಧ ಮಾಡ್ತು, ನಮ್ಮ ಅರ್ಧ ಆಚೆ ಸ್ಕೂಲಿಗೇ ಹೋಯ್ತು. ಮಗಳು ಮೊದಲ ವಾರ ಅತ್ತಳು, ಮೂರನೇ ತಿಂಗಳಿಗೆ ಬ್ಯಾಂಡಲ್ಲಿ ಕ್ಲಾರಿನೆಟ್ ಹಿಡಿದಳು, ಈಗ ಎಂಟನೇ ಕ್ಲಾಸು. ಅಲ್ಲಿನ ಗಣಿತದ ಟೀಚರ್ ಬಗ್ಗೆ ಮನೇಲಿ ದಿನಾ ಒಂದು ಕಥೆ ಹೇಳ್ತಾಳೆ. ರೇಟಿಂಗ್ ಎಷ್ಟಾಗಿದೆ ಅಂತ ನಾನು ನೋಡೋದು ಬಿಟ್ಟಿದ್ದೀನಿ.

ಅವಳ ಬಸ್ಸು ನಮ್ಮ ಬೀದಿ ಆದ್ಮೇಲೆ ಹೈವೇ ಪಕ್ಕದ ಅಪಾರ್ಟ್‌ಮೆಂಟುಗಳ ಹತ್ತಿರ ನಿಲ್ಲುತ್ತೆ. ಅಲ್ಲಿಂದ ಹತ್ತೋ ಒಬ್ಬಳು ಮಗಳ ಫ್ರೆಂಡು. ಅವಳಿಗೆ ಇದು ನಾಲ್ಕು ವರ್ಷದಲ್ಲಿ ಮೂರನೇ ಸ್ಕೂಲು ಅಂತ ಮಗಳೇ ಹೇಳಿದ್ದು, ಮನೆ ಬದಲಾಯಿಸಿದ್ದಲ್ಲ, ಇದ್ದಲ್ಲೇ ಇದ್ದು ಗೆರೆ ಬದಲಾಗಿದ್ದು. ಆಗ ಹಳೇ ಮ್ಯಾಪುಗಳನ್ನ ತೆಗೆದು ನೋಡಿದೆ. ಆ ಅಪಾರ್ಟ್‌ಮೆಂಟಿನ ನೋಡ್ ಪ್ರತಿ ಸಲ ಅಲ್ಲಾಡಿದೆ. ನಾನು ಹೋಗಿದ್ದ ಹಿಯರಿಂಗಲ್ಲಿ ಅಲ್ಲಿಂದ ಒಬ್ಬರೂ ಬಂದಿದ್ದು ನನಗೆ ನೆನಪಿಲ್ಲ. ಇನ್ನೊಂದು ವಿಷಯ, ಗೆರೆ ಬದಲಾದಾಗ ಕೊನೇ ವರ್ಷದಲ್ಲಿ ಇರೋ ಮಕ್ಕಳು ಹಳೇ ಸ್ಕೂಲಲ್ಲೇ ಉಳಿಯೋಕೆ ಅವಕಾಶ ಇರುತ್ತೆ, ಆದ್ರೆ ಬಸ್ಸು ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ನಮ್ಮ ಮನೆಗಳಲ್ಲಿ ಎರಡು ಕಾರು, ಒಬ್ಬರು ವರ್ಕ್ ಫ್ರಂ ಹೋಂ, ಬಿಟ್ಟು ಬರ್ತೀವಿ. ಆ ಹುಡುಗಿ ಅಮ್ಮ ಬೆಳಗ್ಗೆ ಐದೂವರೆಗೆ ಡ್ಯೂಟಿಗೆ ಹೊರಡ್ತಾರೆ. ಅವರಿಗೆ ಆ ಅವಕಾಶ ಇದ್ದೂ ಇಲ್ಲ. ಉಳಿಯೋ ಮಕ್ಕಳಿಗೆ ಬಸ್ಸು ಕೊಡಿ, ಒಂದು ಸಲ ಸರಿಸಿದ ನೋಡನ್ನ ಐದು ವರ್ಷ ಮುಟ್ಟಬೇಡಿ, ಹಿಯರಿಂಗನ್ನ ಒಂದಾದ್ರೂ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಲ್ಲಿ ಇಡಿ, ಈ ಮೂರನ್ನ ನಾನು ಬೋರ್ಡಿಗೆ ಬರೆದು ಕಳಿಸಿದ್ದೀನಿ.

ಈ ವರ್ಷದ ಮ್ಯಾಪು ಹೋದ ವಾರ ಬಂತು. ನಮ್ಮ ಬಣ್ಣ ಬದಲಾಗಿಲ್ಲ, ಅಪಾರ್ಟ್‌ಮೆಂಟಿನ ಬಣ್ಣ ಮತ್ತೆ ಬದಲಾಗಿದೆ. ಗ್ರೂಪಲ್ಲಿ ಎಲ್ಲಾ ನಮಸ್ಕಾರದ ಇಮೋಜಿ ಹಾಕಿ ಸುಮ್ಮನಾದ್ರು. ನಾನು ಆ ಹುಡುಗಿ ಅಮ್ಮಂಗೆ ಫೋನ್ ಮಾಡಿ ಹಿಯರಿಂಗ್ ತಾರೀಖು ಹೇಳಿದೆ. ಅವರು ಮ್ಯಾಪ್ ನೋಡಿರಲಿಲ್ಲ. ಎಷ್ಟು ಹೊತ್ತಿಗೆ, ಹೆಸರು ಕೊಡೋದು ಹೇಗೆ, ಚಿಕ್ಕ ಮಗೂನ ಒಳಗೆ ಬಿಡ್ತಾರಾ ಅಂತ ಕೇಳಿದ್ರು. ಬಿಡ್ತಾರೆ, ಆರೂಕಾಲಿಗೆ ಕಾರು ತರ್ತೀನಿ ಅಂದೆ. ಆಮೇಲೆ ಅಕ್ಕಂಗೂ ಒಂದು ಮೆಸೇಜ್ ಹಾಕಿದೆ, ನೀವೂ ಬನ್ನಿ ಅಂತ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.